ರೂಮ್ ನೂರಹದಿನಾಲ್ಕರ ಕಟ್-ಆಫ್

ಕ್ಷಮಾ: ಬೇಡ ಪದ್ಮಜಾ, ಬೇಡ. ಹೇಳೋಕೆ ಇಷ್ಟ ಇಲ್ಲ ಅಂದ್ರೆ ಇಷ್ಟ ಇಲ್ಲ ಅನ್ನಿ. ಆದ್ರೆ ‘ಅಂಥದ್ದೇನಿಲ್ಲ’ ಅಂತ ಮೂರು ಸಲ ಹೇಳಿ ಆಯ್ತು. ಇನ್ನು ಹೇಳ್ಬೇಡಿ.

ಪದ್ಮಜಾ: ಅಂಥದ್ದೇನಿಲ್ಲ ರೀ.

ಕ್ಷಮಾ: ನಾಲ್ಕು.

ಅಮೆರಿಕದ ಸಮರ್‌ಸೆಟ್‌ನಲ್ಲಿ, ಪದ್ಮಜಾಳ ಅಡುಗೆಮನೆಯಲ್ಲಿ ಆಗ ಜನವರಿಯ ಒಂದು ಶನಿವಾರ, ಬೆಳಗಿನ ಹನ್ನೊಂದು ಗಂಟೆ. ಕ್ಷಮಾ ಬಂದದ್ದು ಇಡ್ಲಿ ತಟ್ಟೆ ವಾಪಸು ಕೊಡುವುದಕ್ಕೆ. ಕೊಟ್ಟು ಮುಕ್ಕಾಲು ಗಂಟೆಯಾಗಿತ್ತು. ಕಾಫಿ ಎರಡನೆಯ ಲೋಟಕ್ಕೆ ಬಂದಿತ್ತು. ಮೈಮೇಲಿನ ಕೋಟು ಮಾತ್ರ ಹಾಗೇ ಇತ್ತು. ಕೋಟು ಬಿಚ್ಚದೆ ಎರಡು ಲೋಟ ಕಾಫಿ ಕುಡಿಯುವವಳು ತಟ್ಟೆ ಕೊಡಲು ಬಂದವಳಲ್ಲ ಎಂದು ಪದ್ಮಜಾಗೆ ಹೊಳೆಯಬೇಕಿತ್ತು, ಹೊಳೆದಿರಲಿಲ್ಲ. ಕೆಳಗೆ ಬೇಸ್‌ಮೆಂಟಿನಲ್ಲಿ ಕ್ಷಮಾಳ ಮಗ ಮಿಹಿರ್, ಪದ್ಮಜಾಳ ಮಗಳು ಹಂಸಿನಿ, ಇಬ್ಬರೂ ಮೂರನೇ ಕ್ಲಾಸಿನವರು, ಸೋಫಾದಿಂದ ನೆಲಕ್ಕೆ, ನೆಲದಿಂದ ಸೋಫಾಕ್ಕೆ ಹಾರುತ್ತಿದ್ದರು. ಅವರು ಹಾರಿದಾಗಲೆಲ್ಲ ಮೇಲೆ ಕಪಾಟಿನೊಳಗೆ ಲೋಟಗಳು ಒಂದಕ್ಕೊಂದು ಮಾತಾಡಿಕೊಳ್ಳುತ್ತಿದ್ದವು.

ಕ್ಷಮಾ: ದಿನಾ ಹತ್ತು ಗಂಟೆಗೆ ಹಂಸಿನಿ ಕ್ಲಾಸಿಂದ ಎದ್ದು ರೂಮ್ ನೂರಹದಿನಾಲ್ಕಕ್ಕೆ ಹೋಗ್ತಾಳೆ. ಹೌದೋ, ಅಲ್ವೋ?

ಪದ್ಮಜಾ: ಹೋಗ್ತಾಳೆ.

ಕ್ಷಮಾ: ಅಲ್ಲಿ ಆರೇ ಆರು ಮಕ್ಕಳು. ಇಬ್ಬರು ಟೀಚರು.

ಪದ್ಮಜಾ: ಯಾರು ಹೇಳಿದ್ದು?

ಕ್ಷಮಾ: ಮಿಹಿರ್. ಮಧ್ಯಾಹ್ನ ಏನು ತಿಂದೆ ಅಂದ್ರೆ ನೆನಪಿರಲ್ಲ, ಇದನ್ನ ಮಾತ್ರ ಪೂರ್ತಿ ವರದಿ ಕೊಟ್ಟ. ಕೂತ್ಕೊಳ್ಳೋಕೆ ಗಾಳಿ ತುಂಬಿರೋ ಸ್ಪೆಷಲ್ ಕುಶನ್ ಅಂತೆ. ಟೆಸ್ಟಿಗೆ ಎಲ್ಲರಿಗೂ ನಲವತ್ತು ನಿಮಿಷ, ಅವಳಿಗೆ ಅರವತ್ತಂತೆ. ಇದು ಜಾಣ ಮಕ್ಕಳ ಗಿಫ್ಟೆಡ್ ಪ್ರೋಗ್ರಾಂ ಅಲ್ದೆ ಇನ್ನೇನು?

ಪದ್ಮಜಾ ಒಲೆಯ ಮೇಲಿನ ಹಾಲು ನೋಡಿದಳು. ಹಾಲು ಉಕ್ಕುವ ಯಾವ ಲಕ್ಷಣವನ್ನೂ ತೋರಿಸದೆ ಅವಳನ್ನು ಕೈಬಿಟ್ಟಿತು.

ವಿಷಯ ಏನೆಂದರೆ, ಹಂಸಿನಿಗೆ ಎಡಿಎಚ್‌ಡಿ ಇದೆ, ಜೊತೆಗೆ ಓದಿನ ತೊಂದರೆಯೂ ಇದೆ ಎಂದು ಹೋದ ಮಾರ್ಚಿನಲ್ಲಿ ಗೊತ್ತಾಗಿತ್ತು. ಅವಳಿಗೆ ಗಮನ ಒಂದು ಕಡೆ ನಿಲ್ಲುತ್ತಿರಲಿಲ್ಲ, ಪುಟದ ಮೇಲಿನ ಅಕ್ಷರಗಳೂ ನಿಲ್ಲುತ್ತಿರಲಿಲ್ಲ. ಸೆಪ್ಟೆಂಬರಿನಿಂದ ಆ ರೂಮಿಗೆ ಹೋಗಲು ಶುರುಮಾಡಿದ ಮೇಲೆ ಹುಡುಗಿ ಬೆಳಿಗ್ಗೆ ಹೊಟ್ಟೆನೋವು ಎನ್ನುವುದನ್ನು ಬಿಟ್ಟಿದ್ದಳು. ಆದರೆ ಗಂಡ ಪ್ರಭಾಕರ, ಕನ್ನಡ ಕೂಟದಲ್ಲಿ ಇವತ್ತು ಒಂದು ಕಿವಿಗೆ ಬಿದ್ದರೆ ಯುಗಾದಿ ಹೊತ್ತಿಗೆ ಇನ್ನೂರು ಕಿವಿ, ಎಲ್ಲರೂ ಮಗಳನ್ನು ಪಾಪ ಅನ್ನುವ ಹಾಗೆ ನೋಡುತ್ತಾರೆ, ಯಾರಿಗೂ ಹೇಳುವುದು ಬೇಡ ಎಂದು ಮಾತು ತೆಗೆದುಕೊಂಡಿದ್ದ. ಪದ್ಮಜಾ ಮಾತು ಕೊಟ್ಟಿದ್ದಳು. ಸುಳ್ಳು ಹೇಳುತ್ತೇನೆಂದು ಮಾತ್ರ ಕೊಟ್ಟಿರಲಿಲ್ಲ. ಹಾಗಾಗಿ ಈಗ ನಿಜವನ್ನೇ ಸ್ವಲ್ಪಸ್ವಲ್ಪ ಬಡಿಸಿ ನೋಡೋಣ ಎಂದುಕೊಂಡಳು.

ಪದ್ಮಜಾ: ಕ್ಷಮಾ, ಹಂಸಿನಿಗೆ ಓದೋದು ಕಷ್ಟ.

ಕ್ಷಮಾ: ಇದನ್ನೇ ಹೇಳ್ತೀರಾ ಅಂತ ಗೊತ್ತಿತ್ತು.

ಪದ್ಮಜಾ: ನಿಜವಾಗ್ಲೂ ರೀ. ಒಂದು ಪುಟಕ್ಕೆ ಅರ್ಧ ಗಂಟೆ ತಗೋತಾಳೆ.

ಕ್ಷಮಾ: ಮೈಸೂರಲ್ಲಿ ನಮ್ಮ ಪಕ್ಕದ ಮನೇಲಿ ಸಿಂಧು ಅಂತ ಇದ್ಲು. ಅವರಮ್ಮ ವರ್ಷಪೂರ್ತಿ ಕಾಂಪೌಂಡ್ ಹತ್ರ ನಿಂತ್ಕೊಂಡು, ‘ನಮ್ಮ ಹುಡುಗಿ ಪುಸ್ತಕಾನೇ ಮುಟ್ಟಲ್ಲ ಕಣ್ರೀ, ಪಾಸಾದ್ರೆ ಸಾಕು’ ಅಂತ ಕಣ್ಣೀರು ಹಾಕೋರು. ಎಸ್ಸೆಸ್ಸೆಲ್ಸೀಲಿ ಜಿಲ್ಲೆಗೇ ಮೂರನೇ ರ‍್ಯಾಂಕು. ನಾನು ಪುಸ್ತಕ ಮುಟ್ಟಿದೋಳು. ಫಸ್ಟ್ ಕ್ಲಾಸಿಗೆ ನಾಲ್ಕು ಮಾರ್ಕ್ಸ್ ಕಮ್ಮಿ.

ಪದ್ಮಜಾ: ಆ ಥರ ಅಲ್ಲ. ಇವಳಿಗೆ ನಿಜವಾಗ್ಲೂ...

ಕ್ಷಮಾ: ಸಿಂಧು ಅಮ್ಮನೂ ‘ನಿಜವಾಗ್ಲೂ’ ಅಂತಿದ್ರು.

ರ‍್ಯಾಂಕು ಬಂದವರ ತಾಯಂದಿರು ತಲೆತಲಾಂತರದಿಂದ ಹೇಳಿಕೊಂಡು ಬಂದ ಸುಳ್ಳುಗಳೆಲ್ಲ ಸಾಲಾಗಿ ಬಂದು ಪದ್ಮಜಾಳ ಒಂದು ನಿಜಕ್ಕೆ ಅಡ್ಡ ನಿಂತಿದ್ದವು.

ಕ್ಷಮಾ: ಎಂಟ್ರೆನ್ಸ್ ಇತ್ತಾ?

ಪದ್ಮಜಾ: ಎಂಟ್ರೆನ್ಸ್ ಅಂತಲ್ಲ. ಒಬ್ರು ಸೈಕಾಲಜಿಸ್ಟ್ ಮೂರು ಗಂಟೆ ಕೂರಿಸ್ಕೊಂಡು ಟೆಸ್ಟ್ ಮಾಡಿದ್ರು.

ಕ್ಷಮಾ: ಮೂರು ಗಂಟೆ ಟೆಸ್ಟ್. ಎಂಟ್ರೆನ್ಸ್ ಅಲ್ಲ. ಸರಿ. ಕೋಚಿಂಗ್ ಎಲ್ಲಿ, ಎಡಿಸನ್ನಾ?

ಪದ್ಮಜಾ: ಇದಕ್ಕೆಲ್ಲ ಯಾರಾದ್ರೂ ಕೋಚಿಂಗ್ ಕೊಡ್ತಾರಾ?

ಕ್ಷಮಾ: ಎಡಿಸನ್‌ನಲ್ಲಿ ನಮ್ಮೋರು ಎಲ್ಲದಕ್ಕೂ ಕೊಡ್ತಾರೆ. ಕಟ್-ಆಫ್ ಎಷ್ಟಿತ್ತು?

ಪದ್ಮಜಾ: ಜಾಸ್ತಿ ಬಂದ್ರೆ ತಗೊಳ್ಳಲ್ಲ ರೀ ಅಲ್ಲಿ. ಕಮ್ಮಿ ಬಂದ್ರೇನೇ ತಗೊಳ್ಳೋದು.

ಕ್ಷಮಾ ಲೋಟವನ್ನು ಕೆಳಗಿಟ್ಟಳು.

ಕ್ಷಮಾ: ನಾನೇನು ನಿಮಗೆ ಅಷ್ಟು ಪೆದ್ದಿ ಥರ ಕಾಣಿಸ್ತೀನಾ?

ಅಷ್ಟರಲ್ಲಿ ಕೆಳಗೆ ಏನೋ ದಡಾರೆಂದು ಬಿತ್ತು. ಇಬ್ಬರು ತಾಯಂದಿರೂ ತಿರುಗಿಯೂ ನೋಡದೆ ತಮ್ಮ ತಮ್ಮ ಲೋಟ ಹಿಡಿದುಕೊಂಡರು.

ಪದ್ಮಜಾ: ಹಂಸೀ! ಏನೇ ಅದು ಬಿದ್ದಿದ್ದು?

ಹಂಸಿನಿ (ಕೆಳಗಿನಿಂದ): ನಥಿಂಗ್!

ಮಿಹಿರ್ (ಇನ್ನೂ ಕೆಳಗಿನಿಂದ): ಇಟ್ ವಾಸ್ ಆಲ್‌ರೆಡಿ ಬ್ರೋಕನ್, ಆಂಟಿ!

ಕ್ಷಮಾ: ಹೋಗ್ಲಿ ಬಿಡಿ. ಎಲಿಜಿಬಿಲಿಟಿ ಏನು, ಅದಾದ್ರೂ ಹೇಳಿ. ಮಿಹಿರ್ ಮ್ಯಾಥ್ಸಲ್ಲಿ ಚೆನ್ನಾಗಿದಾನೆ. ಚೆಸ್ ಬರುತ್ತೆ. ದೀಪಾವಳಿ ಪ್ರೋಗ್ರಾಮಲ್ಲಿ ಮೂರು ಶ್ಲೋಕ ಹೇಳಿದ.

ಪದ್ಮಜಾ: ಶ್ಲೋಕ ಕೇಳಲ್ಲ. ಅಪ್ಪ ಅಮ್ಮಂಗೆ ಒಂದು ಫಾರ್ಮ್ ಕೊಡ್ತಾರೆ. ಮಗು ತನ್ನ ಸಾಮಾನು ಕಳ್ಕೊಳ್ಳುತ್ತಾ ಅಂತ ಕೇಳಿರ್ತಾರೆ.

ಕ್ಷಮಾ: ಇಲ್ಲ ಅಂತ ಬರೀಬೇಕು.

ಪದ್ಮಜಾ: ಇರೋದು ಇದ್ದ ಹಾಗೆ ಬರೀಬೇಕು. ಈ ಚಳಿಗಾಲದಲ್ಲಿ ಹಂಸಿನಿ ಎರಡು ಜಾಕೆಟ್ ಕಳೆದಿದಾಳೆ.

ಕ್ಷಮಾ: ಎರಡೇನಾ? ಮಿಹಿರ್ ನಾಲ್ಕು.

ಮಾತು ಬಾಯಿಂದ ಹೊರಬಿದ್ದ ಮೇಲೆ ಕ್ಷಮಾ ಅದರ ಕಡೆ ತಾನೇ ಒಮ್ಮೆ ನೋಡಿದ ಹಾಗಿತ್ತು. ಪದ್ಮಜಾ ಏನೂ ಆಗದವಳಂತೆ ಸಕ್ಕರೆ ಡಬ್ಬಿಯ ಮುಚ್ಚಳ ತಿರುಗಿಸಿದಳು.

ಪದ್ಮಜಾ: ಕೂತ ಕಡೆ ಕೂರ್ತಾರಾ ಅಂತಾನೂ ಕೇಳ್ತಾರೆ.

ಕ್ಷಮಾ: ನಮ್ಮೋಂದು ಊಟ ನಿಂತ್ಕೊಂಡು. ನಿಂತ್ಕೊಂಡು ಅಂದ್ರೆ ಒಂದೇ ಕಡೆ ಅಂದ್ಕೋಬೇಡಿ. ಸಾರನ್ನ ಟೇಬಲ್ ಹತ್ರ, ಪಲ್ಯ ಸೋಫಾ ಮೇಲೆ, ಮೊಸರನ್ನ ಮೆಟ್ಲ ಮೇಲೆ.

ಪದ್ಮಜಾ: ಹೇಳಿದ್ದು ಕೇಳಿಸ್ಕೊಳ್ತಾರಾ ಅಂತ.

ಕ್ಷಮಾ: ಶೂ ಹಾಕ್ಕೊಳೋ ಅಂತ ಹನ್ನೊಂದು ಸಲ. ಎಣಿಸಿದೀನಿ. ಹನ್ನೆರಡನೇ ಸಲಕ್ಕೆ ‘ಯೂ ನೆವರ್ ಟೋಲ್ಡ್ ಮಿ’ ಅಂತಾನೆ. ಸುಳ್ಳಲ್ಲ ಪದ್ಮಜಾ, ಅವನಿಗೆ ನಿಜವಾಗ್ಲೂ ಕೇಳಿಸಿರಲ್ಲ.

ಪದ್ಮಜಾ: ಹೋಂವರ್ಕು?

ಕ್ಷಮಾ: ಮಾಡ್ತಾನೆ. ಪಕ್ಕದಲ್ಲಿ ಕೂತು ಮಾಡಿಸ್ತೀನಿ. ನಾನೇ ಬ್ಯಾಗಲ್ಲಿ ಇಡ್ತೀನಿ. ಬ್ಯಾಗ್ ಸ್ಕೂಲಿಗೆ ಹೋಗುತ್ತೆ, ಹೋಂವರ್ಕೂ ಹೋಗುತ್ತೆ. ಟೀಚರ್ ಕೈಗೆ ಮಾತ್ರ ಹೋಗಲ್ಲ. ಸಾಯಂಕಾಲ ಅದೇ ಬ್ಯಾಗಲ್ಲಿ ಮನೆಗೆ ಬರುತ್ತೆ. ಹೋದ ವಾರ ಕೇಳ್ದೆ, ಯಾಕೋ ಕೊಡ್ಲಿಲ್ಲ ಅಂತ. ತುಂಬಾ ಹೊತ್ತು ಯೋಚನೆ ಮಾಡಿ, ‘ಅಮ್ಮಾ, ಐ ಥಿಂಕ್ ಸಮ್‌ಥಿಂಗ್ ಈಸ್ ರಾಂಗ್ ವಿತ್ ಮೈ ಹ್ಯಾಂಡ್’ ಅಂದ.

ಬೇಸ್‌ಮೆಂಟಿನಲ್ಲಿ ಹಾರಾಟ ನಿಂತಿತ್ತು. ಹಾರಾಟಕ್ಕಿಂತ ಅದು ನಿಲ್ಲುವುದೇ ಹೆಚ್ಚು ಅಪಾಯ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೂ ಯಾರೂ ಏಳಲಿಲ್ಲ. ಪದ್ಮಜಾ ಮನಸ್ಸಿನಲ್ಲೇ ಪ್ರಭಾಕರನಿಗೆ ಕೊಟ್ಟ ಮಾತನ್ನು ವಾಪಸು ತೆಗೆದುಕೊಂಡಳು.

ಪದ್ಮಜಾ: ಕ್ಷಮಾ, ಅದು ಗಿಫ್ಟೆಡ್ ಕ್ಲಾಸಲ್ಲ. ಹಂಸಿನಿಗೆ ಎಡಿಎಚ್‌ಡಿ ಇದೆ.

ಕ್ಷಮಾ: ಗೊತ್ತು.

ಪದ್ಮಜಾ: ಗೊತ್ತಾ?

ಕ್ಷಮಾ: ಅಕ್ಟೋಬರಿಂದ ಗೊತ್ತು. ಹಂಸಿನೀನೇ ಮಿಹಿರ್‌ಗೆ ಹೇಳಿದಾಳೆ. ‘ದೇ ಹ್ಯಾವ್ ಎ ಗೋಲ್ಡ್‌ಫಿಶ್, ಯು ಶುಡ್ ಕಮ್ ಟೂ’ ಅಂತ ಕರೆದೂ ಇದಾಳೆ.

ಪದ್ಮಜಾ: ಹಂಸಿನಿ ಹೇಳಿದ್ಲಾ? ನಾವಿಬ್ರು ಗಂಡ ಹೆಂಡ್ತಿ ಹತ್ತು ತಿಂಗಳಿಂದ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀವಿ!

ಕ್ಷಮಾ: ಕ್ಲಾಸಿಗೆಲ್ಲ ಹೇಳಿದಾಳೆ. ಶೋ ಆ್ಯಂಡ್ ಟೆಲ್ ದಿನ ಆ ಕುಶನ್ ತಂದು ತೋರಿಸಿದ್ಲಂತೆ. ಎಲ್ಲರೂ ಒಂದೊಂದು ಸಲ ಕೂತು ನೋಡಿದ್ರಂತೆ.

ಪದ್ಮಜಾ ಸ್ಟೂಲಿನ ಮೇಲೆ ಕೂತಳು.

ಪದ್ಮಜಾ: ಮತ್ತೆ ಇಷ್ಟು ಹೊತ್ತೂ ಗಿಫ್ಟೆಡ್ಡು, ಕೋಚಿಂಗು, ಕಟ್-ಆಫು ಅಂತ ನನ್ನ ಯಾಕ್ರೀ ಹುರಿದ್ರಿ?

ಕ್ಷಮಾ: ನೆಟ್ಟಗೆ ಕೇಳಿದ್ರೆ ‘ಅಂಥದ್ದೇನಿಲ್ಲ’ ಅಂತಿದ್ರಿ.

ಪದ್ಮಜಾ: ಅಂತಿದ್ದೆ.

ಕ್ಷಮಾ: ಆಮೇಲೆ... ಮುಕ್ಕಾಲು ಗಂಟೆಯಾದ್ರೂ ಅದು ಗಿಫ್ಟೆಡ್ ಕ್ಲಾಸೇ ಆಗಿರ್ಲಿ ಅನ್ನಿಸ್ತು.

ಆಗ ಕ್ಷಮಾ ಕೋಟಿನ ಗುಂಡಿ ಬಿಚ್ಚಿದಳು. ಒಳಜೇಬಿನಿಂದ ನಾಲ್ಕು ಮಡಿಕೆಯಾದ ಒಂದು ಹಾಳೆ ಬಂತು. ಬೆಚ್ಚಗೆ ಇತ್ತು.

ಕ್ಷಮಾ: ಸ್ಕೂಲಿಂದ ನಮಗೂ ಆ ಫಾರ್ಮ್ ಬಂದಿದೆ. ಸೋಮವಾರ ಕಡೇ ದಿನ. ಬರೀಲಿಲ್ಲ ಅಂದ್ರೆ ಫೈಲ್ ಮುಚ್ತೀವಿ ಅಂತ ಮೇಲ್ ಹಾಕಿದಾರೆ. ನಮ್ಮನೆಯವರು ತುಂಬಿಸಿ ಇಟ್ಟಿದಾರೆ, ನೋಡಿ.

ಪದ್ಮಜಾ ಹಾಳೆ ಬಿಡಿಸಿದಳು. ಹದಿನೆಂಟು ಪ್ರಶ್ನೆ. ಪ್ರತಿಯೊಂದರ ಮುಂದೆಯೂ ನಾಲ್ಕು ಚೌಕ: ನೆವರ್, ಸಮ್‌ಟೈಮ್ಸ್, ಆಫನ್, ವೆರಿ ಆಫನ್. ನೀಲಿ ಪೆನ್ನಿನ ಹದಿನೆಂಟು ಟಿಕ್ಕುಗಳು ಗೆರೆ ಹಾಕಿದಂತೆ ಮೊದಲನೆಯ ಚೌಕದಲ್ಲೇ ಇಳಿದುಬಂದಿದ್ದವು.

ಪದ್ಮಜಾ: ಎಲ್ಲಾ ‘ನೆವರ್’.

ಕ್ಷಮಾ: ಅವರು ಜೀವಮಾನದಲ್ಲಿ ಯಾವ ಪೇಪರಲ್ಲೂ ಮಾರ್ಕ್ಸ್ ಬಿಟ್ಟೋರಲ್ಲ. ಮಗಂದೂ ಬಿಡ್ಲಿಲ್ಲ. ಬರೆದಾದ್ಮೇಲೆ ಎರಡು ಸಲ ಚೆಕ್ ಮಾಡಿದ್ರು.

ಪದ್ಮಜಾ: ಹೀಗೆ ಕೊಟ್ರೆ ಅವನಿಗೆ ಏನೂ ತೊಂದರೆ ಇಲ್ಲ ಅಂತ ಬರ್ಕೊಂಡು ಸುಮ್ನಾಗ್ತಾರೆ ರೀ.

ಕ್ಷಮಾ: ನಿನ್ನೆ ಅವರಿಗೆ ಆ ಕೈ ವಿಷಯ ಹೇಳ್ದೆ. ಊಟ ಅರ್ಧಕ್ಕೆ ನಿಲ್ಲಿಸಿದ್ರು. ಆಮೇಲೆ, ‘ಇನ್ನೊಂದು ಫಾರ್ಮ್ ಸಿಗುತ್ತಾ ಕೇಳು’ ಅಂದ್ರು. ಯಾರನ್ನ ಅಂತ ಅವರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಬೆಳಿಗ್ಗೆ ನೋಡಿದ್ರೆ, ನಿಮ್ಮ ಇಡ್ಲಿ ತಟ್ಟೆ ತೊಳೆದು ಒರೆಸಿ ಬಾಗಿಲ ಹತ್ರ ಇಟ್ಟಿದಾರೆ.

ಪದ್ಮಜಾ ಎದ್ದಳು. ಕೆಳಗಿನ ಡ್ರಾಯರಿನಲ್ಲಿ, ವರ್ಷಕ್ಕೊಮ್ಮೆ ಹೊರಬರುವ ಬೆಳ್ಳಿ ತಟ್ಟೆಗಳ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳಬಾರದೆಂದು ಬಚ್ಚಿಟ್ಟ ಒಂದು ಫೈಲಿತ್ತು. ಅದರಲ್ಲಿ ಒಂದು ಖಾಲಿ ಫಾರ್ಮ್ ಉಳಿದಿತ್ತು. ಅದರ ಕೆಳಗೆ ಹಂಸಿನಿಗೆ ತುಂಬಿಸಿದ್ದು. ಎರಡನ್ನೂ ತಂದು ಮುಂದಿಟ್ಟಳು.

ಕ್ಷಮಾ: ಅವಳದ್ದು ಒಂದ್ಸಲ ನೋಡ್ಲಾ? ಮಾಡೆಲ್ ಆನ್ಸರ್ ಥರ.

ಪದ್ಮಜಾ: ಕಾಪಿ ಹೊಡೀಬಾರ್ದು.

ಕ್ಷಮಾ ಕೋಟನ್ನು ಕುರ್ಚಿಗೆ ಹಾಕಿ ಬರೆಯಲು ಕೂತಳು. ಮೊದಲನೆಯ ಪ್ರಶ್ನೆಗೆ ಹತ್ತು ನಿಮಿಷ ತೆಗೆದುಕೊಂಡಳು. ಪೆನ್ನು ‘ನೆವರ್’ ಹತ್ತಿರ ಹೋಯಿತು, ಮುಂದೆ ಸರಿಯಿತು, ಹಿಂದೆ ಬಂತು. ಪದ್ಮಜಾ ಕೊತ್ತಂಬರಿ ಸೊಪ್ಪು ಬಿಡಿಸುತ್ತ ಪಕ್ಕದಲ್ಲಿ ಕೂತಳು. ಕೊನೆಗೆ ಟಿಕ್ಕು ನಾಲ್ಕನೆಯ ಚೌಕದಲ್ಲಿ ಬಿತ್ತು. ಒಂದು ಬಿದ್ದ ಮೇಲೆ ಉಳಿದವು ಬೇಗ ಬೇಗ ಬಿದ್ದವು. ಸಹಿ ಹಾಕಿ, ಕ್ಷಮಾ ಮೂಗು ಒರೆಸಿಕೊಂಡಳು.

ಕ್ಷಮಾ: ಹಂಸಿನಿಗೆ ಎಷ್ಟಕ್ಕೆ ‘ಆಫನ್’, ‘ವೆರಿ ಆಫನ್’ ಬಂದಿತ್ತು?

ಪದ್ಮಜಾ: ಹದಿನೆಂಟಕ್ಕೆ ಹದಿನಾಲ್ಕು.

ಕ್ಷಮಾ ಪೆನ್ನಿನ ತುದಿಯಿಂದ ಮೇಲಿನಿಂದ ಕೆಳಕ್ಕೆ ಎಣಿಸಿದಳು. ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಎಣಿಸಿದಳು.

ಕ್ಷಮಾ: ಮಿಹಿರ್‌ಗೆ ಹದಿನಾರು.

ದನಿಯಲ್ಲಿ ಏನೂ ಇರಲಿಲ್ಲ. ಆದರೆ ಬೆನ್ನು ನೆಟ್ಟಗಾಗಿತ್ತು. ಪದ್ಮಜಾ ಎದ್ದು ಎರಡೂ ಲೋಟಕ್ಕೆ ಮತ್ತೆ ಕಾಫಿ ಬಗ್ಗಿಸಿದಳು. ಬಂದು ಕೂತು, ಕನ್ನಡಕ ಹಾಕಿಕೊಂಡು, ಮಗಳ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಪದ್ಮಜಾ: ಆರನೇ ಪ್ರಶ್ನೇಲಿ ನಾನು ಸ್ವಲ್ಪ ಸ್ಟ್ರಿಕ್ಟಾಗಿ ಕಮ್ಮಿ ಹಾಕ್ಬಿಟ್ಟಿದೀನಿ ಅನ್ಸುತ್ತೆ.