ಫೆರೆಟ್ ಗಂಗವ್ವನ ಬಾಣಂತನ

ಕೆಲವರ ಹಣೆಯಲ್ಲಿ ಶಾಂತವಾದ ನೌಕರಿ ಬರೆದಿರುತ್ತದೆ. ಬೆಳಿಗ್ಗೆ ಹೋಗುತ್ತಾರೆ, ಸಂಜೆ ಬರುತ್ತಾರೆ, ಏನು ವಿಶೇಷ ಅಂತ ಕೇಳಿದರೆ "ಏನಿಲ್ಲ" ಅನ್ನುತ್ತಾರೆ. ನಮ್ಮ ಯಜಮಾನರು ಆ ಪೈಕಿ. ನನಗೋ, ಒಂದು ವಾರ ಸುಮ್ಮನೆ ಕಳೆದರೆ ಏನೋ ಕಾದಿದೆ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಎಂಬತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಬಂದ ನಮ್ಮವರೆಲ್ಲ ಕಂಪ್ಯೂಟರ್ ಕಂಪನಿಗಳಲ್ಲಿ ತಂಪಾಗಿ ಕೂತಿದ್ದಾಗ ನಾನು ಫೆರೆಟ್‌ಗಳ ಮದುವೆ ಮಾಡಿಸುತ್ತಿದ್ದೆ. ಅಂದಮೇಲೆ ನಗುವ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ, ಅವೇ ವಿಳಾಸ ಕೇಳಿಕೊಂಡು ಬರುತ್ತಿದ್ದವು.

ಅನುಭವ ಇದೆಯೇ?

ಧಾರವಾಡದಲ್ಲಿ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿದವಳು ನಾನು. ಮದುವೆಯಾಗಿ ಮೌಂಟನ್ ವ್ಯೂಗೆ ಬಂದಮೇಲೆ ಅಪಾರ್ಟ್‌ಮೆಂಟಿನ ನಾಲ್ಕು ಗೋಡೆ ನೋಡುತ್ತ ಕೂತಿದ್ದೆ. ಕೆಲಸ ಕೇಳಿಕೊಂಡು ಎಲ್ಲಿಗೆ ಹೋದರೂ "ಅಮೆರಿಕದ ಅನುಭವ ಇದೆಯೇ?" ಅನ್ನುವರು. ಕೆಲಸ ಕೊಟ್ಟರೆ ತಾನೇ ಅನುಭವ ಬರುವುದು? ಇದನ್ನು ಇಂಗ್ಲಿಷಿನಲ್ಲಿ ನಯವಾಗಿ ಹೇಳುವುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದೇ ಒಳ್ಳೆಯದಾಯಿತು.

ಕೊನೆಗೆ ಒಂದು ಸಣ್ಣ ಸಂಶೋಧನಾಲಯದಿಂದ ಕರೆ ಬಂತು. ಅದರ ಮುಖ್ಯಸ್ಥರು ಬಿಳಿ ಗಡ್ಡದ ಪ್ರೊಫೆಸರು. ಎಲ್ಲರೂ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದರು, ನನ್ನ ಬಾಯಲ್ಲಿ ಮಾತ್ರ "ಸರ್" ಬಿಟ್ಟು ಬೇರೆ ಹೊರಡಲಿಲ್ಲ. ಫೆರೆಟ್ ಅಂದರೆ ನಮ್ಮ ಮುಂಗುಸಿಯನ್ನು ಇನ್ನಷ್ಟು ಉದ್ದ ಎಳೆದು, ಕಣ್ಣಿನ ಸುತ್ತ ಕಳ್ಳನ ಹಾಗೆ ಕಪ್ಪು ಪಟ್ಟಿ ಬಳಿದಂಥ ಪ್ರಾಣಿ. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಮನೆಯಲ್ಲಿ ಸಾಕುವಂತಿಲ್ಲ, ಕಾನೂನು ಬಿಡುವುದಿಲ್ಲ. ಪ್ರೊಫೆಸರು ವಿಶೇಷ ಪರವಾನಗಿ ತೆಗೆದುಕೊಂಡಿದ್ದರು. ವಯೋಮಿಂಗ್ ಕಡೆಯ ಬಯಲಿನಲ್ಲಿ ಇದರ ಕಾಡು ಜಾತಿಯೊಂದು ಇನ್ನೇನು ಅಳಿದೇ ಹೋಗುವ ಸ್ಥಿತಿಯಲ್ಲಿತ್ತು. ಅದನ್ನು ಉಳಿಸಲು ಹೊರಟವರಿಗೆ ಉಪಯೋಗವಾಗಲಿ ಅಂತ, ಸಾಕು ಜಾತಿಯಲ್ಲಿ ಮರಿ ಮಾಡಿಸುವುದನ್ನು ಇವರು ಮೊದಲ ಸಲ ಕಲಿಯಹೊರಟಿದ್ದರು.

"ಫೆರೆಟ್ ಸಾಕಿ ಗೊತ್ತೇ?" ಅಂದರು.

"ಇಲ್ಲ ಸರ್."

"ಬೇರೆ ಯಾವುದಾದರೂ ಪ್ರಾಣಿಯ ಜೋಡಿ ಕೂಡಿಸಿದ್ದೀರಾ?"

"ಇಲ್ಲ ಸರ್. ಆದರೆ ನಮ್ಮ ತಾಯಿ ಓಣಿಯಲ್ಲಿ ಅರ್ಧಕ್ಕರ್ಧ ಮದುವೆ ಕೂಡಿಸಿದ್ದಾರೆ."

ಅವರು ನಕ್ಕ ನಗು ಕಾರಿಡಾರಿನ ತುದಿಗೆ ಕೇಳಿಸಿತಂತೆ. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕೈಯಲ್ಲಿರುವುದು ಒಂದೇ ಋತು. ಅಷ್ಟರಲ್ಲಿ ಒಂದು ಹೆಣ್ಣಾದರೂ ಮರಿ ಹಾಕಿ, ಆ ಮರಿಗಳು ಬದುಕಬೇಕು. ಇಲ್ಲದಿದ್ದರೆ ಮೇಲಿನವರು ಈ ಕೋಣೆಗೆ ಬೀಗ ಹಾಕುತ್ತಾರೆ, ನನ್ನ ಕೆಲಸವೂ ಅದರ ಜೊತೆಗೇ ಹೋಗುತ್ತದೆ. "ಒಪ್ಪಿಗೆಯೇ?" ಅಂದರು. ನನ್ನನ್ನು ನಂಬಿದ ಮೊದಲ ಅಮೆರಿಕದವರು ಅವರು. ಇಂದಿಗೂ ಅವರ ಹೆಸರಿನಲ್ಲಿ ಒಂದು ದೀಪ ಹಚ್ಚುತ್ತೇನೆ. ಸಂಜೆ ಯಜಮಾನರಿಗೆ ಹೇಳಿದರೆ ಆ ಬೆಂಗಳೂರಿನ ಇಂಜಿನಿಯರು ಚೂರೂ ಗಾಬರಿಯಾಗದೆ ಕೇಳಿದ್ದು ಒಂದೇ ಮಾತು: "ಬ್ರೋಕರ್ ಫೀಸು ಎರಡೂ ಕಡೆಯಿಂದ ಬರುತ್ತಾ?"

ಕಾಲ್ಗುಣ

ಫೆರೆಟ್‌ಗೆ ಒಂದು ವಾಸನೆ ಉಂಟು. ಗಂಡು ಫೆರೆಟ್‌ಗೆ ವಸಂತ ಋತುವಿನಲ್ಲಿ ಆ ವಾಸನೆ ಹತ್ತು ಪಟ್ಟು. ಸೋಪು, ಸೀಗೆಕಾಯಿ, ನಿಂಬೆಹಣ್ಣು, ಯಾವುದಕ್ಕೂ ಜಗ್ಗುವುದಿಲ್ಲ. ಕೆಟ್ಟದ್ದೇನೆಂದರೆ ಅದರ ನಡುವೆಯೇ ಇರುವವರ ಮೂಗಿಗೆ ಅದು ತಿಳಿಯುವುದೂ ಇಲ್ಲ.

ಒಂದು ಶನಿವಾರ ಕ್ಯುಪರ್ಟಿನೋದಲ್ಲಿ ಕನ್ನಡದವರ ಮನೆಯಲ್ಲಿ ಪಾಟ್‌ಲಕ್ಕು, ಅಂದರೆ ತಲಾ ಒಂದು ಅಡುಗೆ ತಂದು ಕೂಡಿ ಉಣ್ಣುವುದು. ನಾನು ಕೆಲಸ ಮುಗಿಸಿ, ಸೀರೆ ಉಟ್ಟುಕೊಂಡು, ಬಿಸಿಬೇಳೆಬಾತಿನ ಪಾತ್ರೆ ಹಿಡಿದು ಹೋದೆ. ಹೋದ ಹತ್ತು ನಿಮಿಷಕ್ಕೆ ಮನೆಯೊಡತಿ ಮೂಗು ಎಳೆದು ಗಂಡನಿಗೆ "ರೀ, ಎಲ್ಲೋ ಇಲಿ ಸತ್ತಿದೆ ಕಣ್ರೀ" ಅಂದರು. ಗಂಡ ಫ್ರಿಜ್ಜಿನ ಹಿಂದೆ ಟಾರ್ಚು ಬಿಟ್ಟರು. ಇನ್ನಿಬ್ಬರು ಇಂಜಿನಿಯರುಗಳು ಗ್ಯಾಸು ಲೀಕು ಅಂತ ವಾದ ಹೂಡಿದರು. ಮತ್ತೊಬ್ಬರು ಕಾರ್ಪೆಟ್ಟಿನ ಮೇಲೆ ಬೋರಲು ಮಲಗಿ ಸೋಫಾದ ಅಡಿ ನೋಡಿದರು. ನಾನೂ ಎಲ್ಲರ ಜೊತೆ ಶ್ರದ್ಧೆಯಿಂದ ಹುಡುಕುತ್ತಿದ್ದೆ. ವಿಚಿತ್ರವೆಂದರೆ ನಾನು ಹೋದ ಕೋಣೆಯಲ್ಲೆಲ್ಲ "ಇಲ್ಲೇ, ಇಲ್ಲೇ ಜಾಸ್ತಿ!" ಅಂತ ಕೂಗು ಎದ್ದಿತು.

ಕೊನೆಗೆ ನಾಲ್ಕು ಜನ ಸೇರಿ ಒಲೆಯನ್ನು ಗೋಡೆಯಿಂದ ಎಳೆದರು. ಇಲಿ ಸಿಗಲಿಲ್ಲ. ಮನೆಯೊಡತಿಯ ಅಜ್ಜಿ ಕೊಟ್ಟಿದ್ದ ಬೆಳ್ಳಿಯ ಕುಂಕುಮದ ಭರಣಿ ಸಿಕ್ಕಿತು. ಮನೆ ಬದಲಾಯಿಸುವಾಗ ಕಳೆಯಿತೆಂದು ಅವರು ತಿಂಗಳುಗಟ್ಟಲೆ ಅತ್ತಿದ್ದ ಭರಣಿ. ಅಷ್ಟರಲ್ಲಿ ನನ್ನ ಯಜಮಾನರು ಕಣ್ಸನ್ನೆ ಮಾಡಿದ್ದರಿಂದ ನನಗೆ ಸಂಗತಿ ಹೊಳೆಯಿತು. ತಲೆತಗ್ಗಿಸಿ "ಅದು ಇಲಿಯಲ್ಲ, ನಾನು" ಅಂದೆ.

ಆಕೆ ಕುಂಕುಮ ತಂದು ನನ್ನ ಹಣೆಗಿಟ್ಟು, "ಏನೇ ಹೇಳಿ, ನಿಮ್ಮ ಕಾಲ್ಗುಣ ಒಳ್ಳೇದು" ಅಂದರು. ಮುಂದಿನ ಪಾಟ್‌ಲಕ್ಕಿಗೂ ಕರೆದರು. ಊಟ ಮಾತ್ರ ಬ್ಯಾಕ್‌ಯಾರ್ಡಿನಲ್ಲಿ ಇಟ್ಟಿದ್ದರು.

ಗಟ್ಟಿಮೇಳ

ನಮ್ಮ ಕೋಣೆಯಲ್ಲಿದ್ದ ಹೆಣ್ಣುಗಳಲ್ಲಿ ಒಂದರ ಮೇಲೆ ಪ್ರೊಫೆಸರಿಗೆ ಭರವಸೆ. ಲೆಕ್ಕದಲ್ಲಿ ಅದಕ್ಕೊಂದು ನಂಬರು ಇತ್ತು, ನಾನು ಗಂಗವ್ವ ಅಂತ ಕರೆದೆ. ಪ್ರೊಫೆಸರೂ "ಗಂಗಾವಾ" ಅನ್ನತೊಡಗಿದರು. ಗಂಡಿನ ಮೈಕಟ್ಟು ನೋಡಿ ಅದಕ್ಕೆ ಪೈಲ್ವಾನ ಅಂತ ಹೆಸರಿಟ್ಟೆ.

ಹೆಣ್ಣು ಫೆರೆಟ್ ಬೆದೆಗೆ ಬಂದಮೇಲೆ ಜೋಡಿ ಸಿಗದೆ ಹಾಗೇ ಉಳಿದರೆ ರಕ್ತ ಕೆಟ್ಟು ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಒಂದು ಮಧ್ಯಾಹ್ನ ಗಂಗವ್ವನನ್ನು ಪೈಲ್ವಾನನ ಗೂಡಿಗೆ ಬಿಟ್ಟೆ. ಫೆರೆಟ್‌ಗಳ ಸಂಸಾರ ಹೇಗೆ ಶುರುವಾಗುತ್ತದೆಂದು ಪುಸ್ತಕದಲ್ಲಿ ಓದಿದ್ದೆ, ಕಿವಿಯಾರೆ ಕೇಳಿರಲಿಲ್ಲ. ಗಂಡು ಹೆಣ್ಣಿನ ಕುತ್ತಿಗೆ ಕಚ್ಚಿ ಹಿಡಿದು ಗೂಡಿನ ತುಂಬ ಎಳೆದಾಡುತ್ತದೆ, ಹೆಣ್ಣು ಊರು ಒಂದಾಗುವಂತೆ ಕಿರುಚುತ್ತದೆ. ಬಿಡಿಸಲು ಹೋಗಬಾರದು. ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದು, ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿ ನಿಂತೆ. ನನಗೂ ಆಗ ಎಂಟನೇ ತಿಂಗಳು ಹತ್ತಿರ ಬಂದಿತ್ತು.

ಕಿರುಚಾಟ ಕೇಳಿ ಕಟ್ಟಡದ ಸೆಕ್ಯೂರಿಟಿಯವರು ಓಡಿ ಬಂದರು, ನಿವೃತ್ತಿಯ ಹತ್ತಿರದ ದೊಡ್ಡ ಆಳು. ಬಂದವರಿಗೆ ಕಂಡದ್ದು ಗೋಡೆಗೆ ಒರಗಿದ ಬಸುರಿ ಹೆಂಗಸು.

"ಹೆದರಬೇಡಮ್ಮ, ಆಂಬುಲೆನ್ಸ್ ಕರೀತೀನಿ! ಉಸಿರು ಎಳೆದುಕೋ!"

"ನಾನಲ್ಲ, ಒಳಗಿರುವವರು."

"ಒಳಗೆ ಯಾರು? ಯಾರನ್ನು ಯಾರು ಹೊಡೀತಿದ್ದಾರೆ?" ಅಂತ ಸೊಂಟದ ಲಾಠಿಗೆ ಕೈ ಹಾಕಿದರು.

"ಹೊಡೀತಿಲ್ಲ. ಇವತ್ತು ಮದುವೆಯಾಗಿದೆ" ಅಂದೆ.

ಅವರು ಬಾಗಿಲ ಗಾಜಿನಿಂದ ಇಣುಕಿ ನೋಡಿದರು. ಪೈಲ್ವಾನ ಎಳೆಯುತ್ತಿದ್ದ, ಗಂಗವ್ವ ಬೈಯುತ್ತಿದ್ದಳು. "ಎಷ್ಟು ಹೊತ್ತು ಹೀಗೆ?" ಅಂದರು. ಎರಡು ಮೂರು ಗಂಟೆ ಆಗಬಹುದು ಅಂದೆ. ಆತ ಟೋಪಿ ತೆಗೆದು ಹಣೆ ಒರೆಸಿಕೊಂಡು ಹೇಳಿದರು: "ಪುಣ್ಯವಂತರು. ನಮ್ಮನೇಲಿ ಮೂವತ್ತು ವರ್ಷ ಆಯ್ತು, ಇನ್ನೂ ಮುಗಿದಿಲ್ಲ."

ಅಂಟಿನುಂಡಿ

ನನ್ನ ಬಾಣಂತನಕ್ಕೆ ಧಾರವಾಡದಿಂದ ಅವ್ವ ಬಂದಳು. ಸೂಟ್‌ಕೇಸಿನಲ್ಲಿ ಸೀರೆಗಿಂತ ತಿನ್ನುವ ಅಂಟು, ಕೊಬ್ಬರಿ, ಉತ್ತತ್ತಿಯೇ ಹೆಚ್ಚು. ಬಾಣಂತಿಗೆ ಸೊಂಟ ಗಟ್ಟಿಯಾಗಲಿ, ಹಾಲು ಇಳಿಯಲಿ ಅಂತ ಅವುಗಳಿಂದ ಅಂಟಿನುಂಡಿ ಕಟ್ಟುತ್ತಾರೆ. ನನ್ನ ದಿನ ತುಂಬಲು ಇನ್ನೂ ವಾರಗಳಿದ್ದರೂ ಅವ್ವ ಡಬ್ಬಿಗಟ್ಟಲೆ ಉಂಡಿ ಕಟ್ಟಿ ಸಿದ್ಧವಾದಳು. ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಕೂರಲು ಬೇಸರವೆಂದು ನನ್ನ ಜೊತೆ ಲ್ಯಾಬಿಗೂ ಬರತೊಡಗಿದಳು. ಪ್ರೊಫೆಸರು ಅವಳಿಗೆಂದೇ ಕಾರಿಡಾರಿನಲ್ಲಿ ಒಂದು ಕುರ್ಚಿ ಹಾಕಿಸಿದರು. ಅವ್ವ ಅಲ್ಲಿ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದಳು.

ಮೊದಲ ದಿನವೇ ಗಂಗವ್ವನನ್ನು ನೋಡಿ, "ಇಷ್ಟೆಲ್ಲಾ ಓದಿ ಮುಂಗಲಿ ಕಾಯಾಕ ಬಂದೀಯೇನ?" ಅಂದಳು.

"ಮುಂಗಲಿ ಅಲ್ಲವ್ವಾ, ಫೆರೆಟ್."

"ಹೆಸರು ಏನರ ಇರಲಿ, ಬಸರಿ ಅದಾಳ. ನಿನಗಿಂತ ಮೊದಲ ಹಡೀತಾಳ ನೋಡು."

ಹಾಗೆಯೇ ಆಯಿತು. ಒಂದು ಬೆಳಿಗ್ಗೆ ಹೋದಾಗ ಗೂಡಿನೊಳಗಿಂದ ಚೀಂಚೀಂ ಸದ್ದು. ಗಂಗವ್ವ ನೀರು ಕುಡಿಯಲು ಹೊರಬಂದ ಗಳಿಗೆಯಲ್ಲಿ ಒಮ್ಮೆ ಇಣುಕಿದೆ. ಕಿರುಬೆರಳಿನಷ್ಟು ಗಾತ್ರದ ಎಂಟು ಮರಿಗಳು! ಕಣ್ಣು ತುಂಬಿ ಬಂತು. ಆದರೆ ಗಂಡಾಂತರ ಮುಗಿದಿರಲಿಲ್ಲ. ಚೊಚ್ಚಲ ಫೆರೆಟ್ ಗಾಬರಿಯಾದರೆ ತನ್ನ ಮರಿಗಳನ್ನು ತಾನೇ ತಿಂದುಬಿಡುತ್ತದೆ. ಮೊದಲ ಕೆಲವು ದಿನ ಸದ್ದು ಕೂಡದು, ಬೆಳಕು ಕೂಡದು, ಯಾರೂ ಇಣುಕಕೂಡದು. ಪ್ರೊಫೆಸರು ದಪ್ಪ ಅಕ್ಷರದಲ್ಲಿ ಒಂದು ರಟ್ಟು ಬರೆದು ಬಾಗಿಲಿಗೆ ನೇತುಹಾಕಿದರು: "ಚೊಚ್ಚಲ ಹೆರಿಗೆ. ಸದ್ದು ಮಾಡಬೇಡಿ. ಇಣುಕಬೇಡಿ. ತಾಯಿ ಕಚ್ಚಬಹುದು."

ನೇತುಹಾಕಿದವರೇ ಅರ್ಧ ಗಂಟೆಗೊಮ್ಮೆ ಇಣುಕಲು ಬರುವರು! ಮುದುಕರಿಗೆ ಮೊಮ್ಮಕ್ಕಳಾದಷ್ಟು ಸಂಭ್ರಮ. ಅವ್ವ ಕುರ್ಚಿಯನ್ನು ಎತ್ತಿ ಬಾಗಿಲಿಗೆ ಅಡ್ಡ ಹಾಕಿ ಕೂತಳು. "ಹಡದ ಮನ್ಯಾಗ ಗಂಡಸರು ಹಣಿಕಿ ಹಾಕಬಾರದು ಅಂತ ಹೇಳು ನಿಮ್ಮ ಸಾಹೇಬರಿಗೆ. ಐದು ದಿನ ಆಗೂಮಟ ಯಾರನ್ನೂ ಬಿಡಂಗಿಲ್ಲ." ನಾನು ಅನುವಾದಿಸಿದೆ. ಪ್ರೊಫೆಸರ ಮುಖ ಸಣ್ಣದಾಯಿತು. ಅದನ್ನು ನೋಡಲಾರದೆ ಅವ್ವ ಡಬ್ಬಿ ತೆಗೆದು ಒಂದು ಅಂಟಿನುಂಡಿ ಕೊಟ್ಟಳು.

ಇಣುಕಲು ಬಂದಾಗಲೆಲ್ಲ ಒಂದು ಉಂಡಿ. ನಾಲ್ಕನೆಯದನ್ನು ಕಡಿಯುತ್ತ, "ಅದ್ಭುತ! ಇದು ಯಾವ ಹಬ್ಬದ ತಿಂಡಿ?" ಅಂದರು. ಹಬ್ಬದ್ದಲ್ಲ, ಹಡೆದವರಿಗೆ ಎದೆಹಾಲು ಇಳಿಯಲು ಕೊಡುವುದು ಅಂದೆ. ಅಗಿಯುವುದು ನಿಂತಿತು. ಕೈಯಲ್ಲಿದ್ದ ಅರ್ಧ ಉಂಡಿಯನ್ನು ನೋಡಿದರು, ಬಾಗಿಲನ್ನು ನೋಡಿದರು. ಆಮೇಲೆ ಅದನ್ನೂ ಬಾಯಿಗೆ ಹಾಕಿಕೊಂಡು, "ಎಂಟು ಮರಿಗಳಿವೆಯಲ್ಲ, ಗಂಗಾವಾಗೆ ಸಾಲದೆ ಬಂದರೆ ನಾನಿರುತ್ತೇನೆ" ಅಂದರು.

ಎಷ್ಟು ಮಕ್ಕಳು?

ಮರಿಗಳಿಗಿನ್ನೂ ಐದು ದಿನ ತುಂಬಿರಲಿಲ್ಲ, ನನಗೇ ನೋವು ಬಂತು. ಗಂಗವ್ವನನ್ನು ಪ್ರೊಫೆಸರ ಕೈಗೊಪ್ಪಿಸಿ, ಅವ್ವನನ್ನು ಕುರ್ಚಿಯಿಂದ ಎಬ್ಬಿಸಿಕೊಂಡು ಆಸ್ಪತ್ರೆಗೆ ಹೊರಟೆ. ಕಾವಲಿಲ್ಲದ ಬಾಗಿಲು, ಇಣುಕದೆ ಇರಲಾರದ ಮುದುಕರು! ಫ್ರೀವೇ ಉದ್ದಕ್ಕೂ ಯಜಮಾನರು ನನ್ನ ನೋವಿಗೆ ಹೆದರುತ್ತಿದ್ದರು, ನಾನು ಮರಿಗಳಿಗೆ ಹೆದರುತ್ತಿದ್ದೆ.

ಮಗಳು ಹುಟ್ಟಿದಳು, ಆರೋಗ್ಯವಾಗಿದ್ದಳು. ಔಷಧದ ಮಂಪರು ಇಳಿದು ಕಣ್ಣು ಬಿಟ್ಟಾಗ ಮಗು ನನ್ನ ಪಕ್ಕದಲ್ಲೇ ಮಲಗಿತ್ತು. ಎದುರಿಗೆ ನರ್ಸು ನಿಂತಿದ್ದಳು. ನನ್ನ ಬಾಯಿಂದ ಬಂದ ಮೊದಲ ಮಾತು: "ಎಲ್ಲಾ ಬದುಕಿದ್ದಾವಾ?"

"ನಿಮಗೆ ಒಂದೇ ಮಗು ಆಗಿದ್ದು, ಇಲ್ಲೇ ಇದೆ ನೋಡಿ" ಅಂದಳು ಆಕೆ.

"ಒಂದಲ್ಲ. ಎಂಟು."

ನರ್ಸು ನನ್ನ ಕೈ ಸವರಿದಳು. "ಒಂದು, ಹೆಣ್ಣು ಮಗು."

"ಇಲ್ಲ, ನಾನೇ ಎಣಿಸಿದ್ದೀನಿ, ಎಂಟು! ತಾಯಿ ಯಾವುದನ್ನೂ ತಿಂದಿಲ್ಲ ತಾನೇ?"

ಆಕೆ ನನ್ನ ಮುಖ ನೋಡಿದಳು, ಮಗುವನ್ನು ಮೆಲ್ಲನೆ ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು, ಡಾಕ್ಟರನ್ನು ಕರೆಯಲು ಗಂಟೆ ಒತ್ತಿದಳು.

ಡಾಕ್ಟರಿಗಿಂತ ಮೊದಲು ಬಂದವರು ನಮ್ಮ ಪ್ರೊಫೆಸರು. ಬೂಟು ಹೊರಗೆ ಬಿಟ್ಟು, ಬಾಯಿಗೆ ಮಾಸ್ಕು ಕಟ್ಟಿ, ಗೋಡೆ ಹಿಡಿದು ತುದಿಗಾಲಿನಲ್ಲಿ ಬಂದರು. ಕೋಣೆಯ ದೀಪ ತಗ್ಗಿಸಿದರು. ನನ್ನ ಕಣ್ಣಲ್ಲಿ ಕಣ್ಣಿಡದೆ, ಗೋಡೆಯ ಕಡೆ ಮುಖ ಮಾಡಿ ಪಿಸುಗುಟ್ಟಿದರು: "ಎಂಟೂ ಬದುಕಿವೆ. ಗುಂಡುಗುಂಡಾಗಿವೆ. ಅಮ್ಮ ಎದ್ದು ಹೋದಮೇಲೆ ಆ ಕುರ್ಚಿಯಲ್ಲಿ ನಾನೇ ಕೂತೆ. ಬಾಗಿಲಿಗೆ ಬೆನ್ನು ಹಾಕಿ ಕೂತೆ, ಆಣೆಯಿಟ್ಟು ಹೇಳ್ತೀನಿ, ಐದು ದಿನ ತುಂಬುವ ತನಕ ಒಂದು ಸಲವೂ ಇಣುಕಲಿಲ್ಲ. ಕೋಣೆಗೆ ಬೀಗ ಹಾಕುವುದಿಲ್ಲವಂತೆ. ನಿಮ್ಮ ಕೆಲಸ ನಿಮ್ಮದೇ, ನಿಧಾನವಾಗಿ ಬನ್ನಿ." ನಾನು ಅತ್ತುಬಿಟ್ಟೆ. ಗೊತ್ತಿಲ್ಲದ ದೇಶದಲ್ಲಿ ಗೊತ್ತಿಲ್ಲದವರು ನನ್ನನ್ನು ಹೀಗೆ ನೋಡಿಕೊಂಡರು. ಅವರ ಋಣ ದೊಡ್ಡದು, ಗಂಗವ್ವನದೂ ಸಣ್ಣದೇನಲ್ಲ.

ಬಂದ ಹಾಗೆಯೇ ತುದಿಗಾಲಿನಲ್ಲಿ ಅವರು ಹೋದರು. ಬಾಗಿಲ ಹೊರಗೆ ಅವ್ವನಿಗೆ ಕೈಮುಗಿದದ್ದು ಕಾಣಿಸಿತು. ಸ್ವಲ್ಪ ಹೊತ್ತಿಗೆ ಹೊರಗೆ ಬೇರೊಬ್ಬ ನರ್ಸಿನ ದನಿ. ಏನನ್ನೋ ಅಕ್ಷರ ಅಕ್ಷರವಾಗಿ ಓದುತ್ತಿದ್ದಳು. "ಚೊಚ್ಚಲ ಹೆರಿಗೆ. ಸದ್ದು ಮಾಡಬೇಡಿ. ಇಣುಕಬೇಡಿ..." ಪುಣ್ಯಾತ್ಮರು ಲ್ಯಾಬಿನ ರಟ್ಟಿನಂಥದೇ ಇನ್ನೊಂದು ಬರೆದು ತಂದು ನನ್ನ ಬಾಗಿಲಿಗೂ ನೇತುಹಾಕಿ ಹೋಗಿದ್ದರು! ಕೊನೆಯ ಸಾಲಿಗೆ ಬಂದ ನರ್ಸು ಗಕ್ಕನೆ ನಿಂತು, ಕುರ್ಚಿ ಹಾಕಿಕೊಂಡು ಕೂತಿದ್ದ ಅವ್ವನನ್ನು ಕೇಳಿದಳು: "ಇವರು ನಿಜವಾಗಲೂ ಕಚ್ಚುತ್ತಾರಾ?" ಅವ್ವನಿಗೆ ತಿಳಿಯಲಿ ಅಂತ ಹಲ್ಲು ಬಡಿದು, ನನ್ನ ಕೋಣೆಯ ಕಡೆ ಬೆರಳು ಮಾಡಿಯೂ ತೋರಿಸಿದಳಂತೆ.

ಅಮೆರಿಕಕ್ಕೆ ಬಂದಮೇಲೆ ಕಲಿತ ಮೂರು ಇಂಗ್ಲಿಷ್ ಶಬ್ದಗಳನ್ನು ಅವ್ವ ಒಟ್ಟಿಗೇ ಖರ್ಚು ಮಾಡಿದಳು: "ಯೆಸ್, ಯೆಸ್. ಫ್ರಮ್ ಸ್ಮಾಲ್."

ಡಿಸ್ಚಾರ್ಜ್ ಆಗುವ ತನಕ ಆ ನರ್ಸು ನನ್ನ ಬಾಯಿಗೆ ಥರ್ಮಾಮೀಟರು ಇಡಲೇ ಇಲ್ಲ, ತುದಿ ಹಿಡಿದು ದೂರದಿಂದ ನನ್ನ ಕೈಗೇ ಕೊಡುತ್ತಿದ್ದಳು.