ಆರರಲ್ಲೇ ನಿಂತ ಮಗಳು

ಮಕ್ಕಳ ಪತ್ರಿಕೆಗೆ ಬಂದ ಹೊಸ ಸಂಪಾದಕಿಗೆ ಹಳೆಯ ಕಡತ ಓದುವ ಚಟವಿತ್ತು. ಎಲ್ಲದಕ್ಕೂ ಮೂಲ ಅದೇ. ಬೆಳಿಗ್ಗೆ ಹತ್ತಕ್ಕೆ ಅವರು ವಿಜ್ಞಾನಪ್ಪನನ್ನು ಕರೆಸಿದರು. ಪುಟಾಣಿಗಳಿಗೆ ವಿಜ್ಞಾನದ ಲೇಖನ ಬರೆಯುವವನಿಗೆ ಕಚೇರಿ ಇಟ್ಟ ಹೆಸರದು. ಚಿತ್ರಕಲೆಯ ಬಗ್ಗೆ ಬರೆಯುವಾಕೆ ಕಲೆಯಕ್ಕ.

“ನಿಮ್ಮ ಮಗಳಿಗೆ ಆರು ವರ್ಷದಿಂದ್ಲೂ ಆರೇ ವರ್ಷ. ಏನು ತಿನ್ನಿಸ್ತೀರಿ ಅವಳಿಗೆ?”

ಪತ್ರಿಕೆಯಲ್ಲೊಂದು ನಿಯಮವಿತ್ತು. ಲೇಖನವನ್ನು ಅಚ್ಚಿಗೆ ಕೊಡುವ ಮುನ್ನ ಏಳು ತುಂಬದ ಒಂದು ಮಗುವಿಗೆ ಓದಿ ಹೇಳಬೇಕು. ಹಾಳೆಯ ಕೊನೆಯಲ್ಲಿ ಮಗು ಕೇಳಿದ ಒಂದು ಪ್ರಶ್ನೆ, ಅದರ ವಯಸ್ಸು, ಅದು ಪೆನ್ಸಿಲಿನಲ್ಲಿ ಗೀಚಿದ ಗುರುತು ಇರಬೇಕು. ವಿಜ್ಞಾನಪ್ಪನ ಹಾಳೆಗಳಲ್ಲೆಲ್ಲ ‘ಮಗಳು, ಆರು ವರ್ಷ’ ಎಂದಿತ್ತು. ಗುರುತು ಅವನದೇ ಎಡಗೈಯದು. ಮದುವೆಯಾಗಿ ಹದಿನೈದು ವರ್ಷವಾಗಿತ್ತು. ಮಗಳು ಆ ಹಾಳೆಗಳಲ್ಲಲ್ಲದೆ ಬೇರೆಲ್ಲೂ ಇರಲಿಲ್ಲ. ಪ್ರಶ್ನೆಯನ್ನು ಗಂಡ ಹೆಂಡತಿ ಸಂಜೆ ಕೂತು ಯೋಚಿಸುತ್ತಿದ್ದರು. ಅವನು ಬೆಳಕಿನ ವೇಗದ ಬಗ್ಗೆ ಏನಾದರೂ ಬರೆಯಹೊರಟರೆ ಹೆಂಡತಿ, “ನಮ್ಮವಳು ಹಾಗೆಲ್ಲ ಕೇಳಲ್ಲ ಬಿಡಿ” ಎನ್ನುತ್ತಿದ್ದಳು.

ನಿಜ ಹೇಳಿದರೆ ಅಂಕಣ ಹೋಗುತ್ತದೆ. ಅದು ಹೋದರೂ ಹೋಗಲಿ, ಜೊತೆಗೆ ಮಗಳೂ ಹೋಗುತ್ತಾಳೆ.

“ಮೊದಲು ದೊಡ್ಡವಳು ಕೇಳ್ತಿದ್ದಳು ಮೇಡಂ. ಈಗ ಚಿಕ್ಕವಳು,” ಎಂದುಬಿಟ್ಟ.

“ಹಾಗಾದ್ರೆ ಚಿಕ್ಕವಳನ್ನ ಮೂರು ಗಂಟೆಗೆ ಕರ್ಕೊಂಡು ಬನ್ನಿ. ನಾನೇ ಓದಿ ಹೇಳ್ತೀನಿ.”

ಬಾಗಿಲಾಚೆ ಕಿವಿಗಳಿದ್ದವು. “ಎರಡೆರಡು ಹೆಣ್ಣುಮಕ್ಕಳನ್ನ ಇಟ್ಕೊಂಡು ಒಂದು ದಿನ ಬಾಯಿ ಬಿಟ್ಟಿಲ್ಲವಲ್ಲ ಮಾರಾಯ. ದೊಡ್ಡವಳು ಎಷ್ಟನೇ ಕ್ಲಾಸು?” ಎಂದು ಪುಟ ಜೋಡಿಸುವವನು ಹಿಡಿದುಕೊಂಡ.

“ಏಳು.”

“ನನ್ನ ಹತ್ರ ಒಂದು ಅಟ್ಲಾಸ್ ಇದೆ. ಕೊಡು ಅವಳಿಗೆ.”

ಕಲೆಯಕ್ಕ ಚಿಕ್ಕವಳಿಗೆಂದು ಕೆಂಪು ರಿಬ್ಬನ್ ತಂದುಕೊಟ್ಟಳು. ಟೈಪಿಸ್ಟು ಇಬ್ಬರಿಗೂ ಒಂದೊಂದು ನೀರಿನ ಬಾಟಲಿ ಕೊಟ್ಟ. ಊಟದ ಹೊತ್ತಿಗೆ ವಿಜ್ಞಾನಪ್ಪ ಮನೆ ಖಾಲಿ ಮಾಡುವ ಬಾಡಿಗೆದಾರನಂತೆ ಎರಡೂ ಕಂಕುಳಲ್ಲಿ ಸಾಮಾನು ಹೊತ್ತು ಮನೆಗೆ ಓಡಿದ.

ಅವನ ಮನೆಯ ಮೇಲಿನ ಮಹಡಿಯ ಹುಡುಗಿಗೆ ಆರು ವರ್ಷ. ಅವಳಮ್ಮ ಒಂದು ಲೋಟ ಸಕ್ಕರೆ ಕೊಡುವಷ್ಟು ಸಲೀಸಾಗಿ ಮಗಳನ್ನು ಕಳಿಸಿದಳು. “ಐದರೊಳಗೆ ತಂದುಬಿಡಿ. ಬೇಕಿದ್ರೆ ಆರಕ್ಕೆ ತನ್ನಿ. ಲೇ, ಅಂಕಲ್ ಅನ್ಬೇಡ, ಅಪ್ಪ ಅನ್ನು.”

ವಿಜ್ಞಾನಪ್ಪನ ಹೆಂಡತಿ ಹುಡುಗಿಯನ್ನು ಕೂರಿಸಿಕೊಂಡು ಜಡೆ ಹಾಕಿದಳು. ಬಿಚ್ಚಿದಳು. ಮತ್ತೆ ಹಾಕಿದಳು. ಎರಡೂವರೆಯಾದರೂ ಬಾಚಣಿಗೆ ಕೆಳಗಿಡಲಿಲ್ಲ. ಕೊನೆಗೆ ಅವನೇ ಅದನ್ನು ಅವಳ ಕೈಯಿಂದ ಬಿಡಿಸಬೇಕಾಯಿತು.

ರಸ್ತೆ ದಾಟುವಾಗ ಹುಡುಗಿ ಅಭ್ಯಾಸಕ್ಕೆಂದು, “ಅಪ್ಪಾ, ಕೈ ಹಿಡ್ಕೊ” ಎಂದಳು. ವಿಜ್ಞಾನಪ್ಪ ನಡುರಸ್ತೆಯಲ್ಲಿ ಕಂಬದಂತೆ ನಿಂತ. ಬಸ್ಸೊಂದು ಹಾರ್ನ್ ಹೊಡೆದು ಹೊಡೆದು ಸುಸ್ತಾಯಿತು.

“ಇನ್ನೊಂದ್ಸಲ ಹೇಳು.”

“ಅಲ್ಲಿ ಹೋಗಿ ಹೇಳ್ತೀನಿ. ಇಲ್ಲೇ ಎಲ್ಲಾ ಮುಗಿಸ್ಬಾರ್ದು.”

ಸಂಪಾದಕಿ ನೆರಳಿನ ಬಗೆಗಿನ ಅವನ ಹೊಸ ಲೇಖನವನ್ನು ನಿಧಾನವಾಗಿ ಓದಿ ಹೇಳಿದರು. ಹುಡುಗಿ ರಿಬ್ಬನ್ನಿನ ತುದಿ ಕಚ್ಚುತ್ತ ಕೇಳಿದಳು.

“ಏನಾದ್ರೂ ಕೇಳ್ಬೇಕಾ ಪುಟ್ಟಿ?”

“ಇಲ್ಲ. ಎಲ್ಲಾ ಅರ್ಥ ಆಯ್ತು.”

ಲೇಖಕನಿಗೆ ಇದಕ್ಕಿಂತ ದೊಡ್ಡ ಬಿರುದಿಲ್ಲ. ಆದರೆ ಹಾಳೆಗೆ ಪ್ರಶ್ನೆ ಬೇಕಲ್ಲ, ವಿಜ್ಞಾನಪ್ಪ ಬೆವತುಹೋದ. ಸಂಪಾದಕಿ ಹಳೆಯ ಹಾಳೆಯೊಂದನ್ನು ಎತ್ತಿಕೊಂಡರು. “‘ದೀಪ ಆರಿಸಿದ ಮೇಲೆ ನೆರಳು ಯಾರ ಪಕ್ಕ ಮಲಗುತ್ತೆ?’ ಇದನ್ನ ಕೇಳಿದ ಮಗು ಇದಲ್ಲ. ಅದೆಲ್ಲಿ?”

“ಇಲ್ಲ ಮೇಡಂ.” ಅವನು ತಲೆ ತಗ್ಗಿಸಿದ. “ಅದು ನಾವೇ. ನಾನು, ನನ್ನ ಹೆಂಡ್ತಿ.”

ಸಂಪಾದಕಿ ಕನ್ನಡಕ ತೆಗೆದು ಒರೆಸಿದರು.

“ನಿಮ್ಮ ಲೇಖನಗಳು ಸುಮಾರು. ಆರು ವರ್ಷದ ಕಡತ ನಾನು ಓದಿದ್ದು ಈ ಪ್ರಶ್ನೆಗಳಿಗೋಸ್ಕರ. ಅಂಕಣ ಬೇರೆಯವರು ಬರೀಲಿ. ಇವತ್ತಿಂದ ಎಲ್ಲರೂ ನಿಮಗೇ ಓದಿ ಹೇಳ್ತಾರೆ. ಮಗು ನೀವೇ.”

“ನನ್ನ ವಯಸ್ಸು, ಮೇಡಂ?”

“ಜನನ ಪತ್ರ ತೋರಿಸ್ಬೇಕು ಅಂತ ನಿಯಮದಲ್ಲಿಲ್ಲ.”

ಹುಡುಗಿ ಕುರ್ಚಿಯಲ್ಲೇ ನಿದ್ದೆಹೋದಳು. ಅವಳ ಪಕ್ಕದ ಕುರ್ಚಿಯಲ್ಲಿ, ನಲವತ್ತೇಳರ ವಿಜ್ಞಾನಪ್ಪ ಕೈಕಟ್ಟಿ ಕೂತ. ಕಲೆಯಕ್ಕ ಎದುರು ಕೂತು ಗಂಟಲು ಸರಿಮಾಡಿಕೊಂಡು ಸಕ್ಕರೆಯ ದನಿಯಲ್ಲಿ ಶುರುಮಾಡಿದಳು.

“ಪುಟಾಣಿಗಳೇ, ಇವತ್ತು ನಾವು ನಮ್ಮ ಮನೆಯವರ ಚಿತ್ರ ಬರೆಯೋಣ. ಮೊದಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ. ಎತ್ತರದವರು ಹಿಂದೆ, ಚಿಕ್ಕವರು ಮುಂದೆ…”

ಓದಿ ಮುಗಿಸಿ, ದನಿಯಲ್ಲಿದ್ದ ಸಕ್ಕರೆಯನ್ನು ತೆಗೆದಿಟ್ಟು ಕೇಳಿದಳು: “ಏನು ಸಾರ್ ಪ್ರಶ್ನೆ? ಬೇಗ ಹೇಳಿ, ಬಸ್ಸಿದೆ.”

“ಇನ್ನೂ ಬರದೇ ಇರೋರನ್ನ ಎಲ್ಲಿ ನಿಲ್ಲಿಸ್ಬೇಕು?”

ಕಲೆಯಕ್ಕ ಬರೆದುಕೊಂಡಳು. ಬರೆದ ಮೇಲೆ ಪೆನ್ಸಿಲನ್ನು ಸುಮ್ಮನೆ ಹಿಡಿದೇ ಕೂತಳು. ಬಸ್ಸು ಬಂದು ಹೋದ ಸದ್ದಾಯಿತು.

“ಬಲಗಡೆ ಸ್ವಲ್ಪ ಜಾಗ ಬಿಡಿ ಅಂತ ಸೇರಿಸ್ತೀನಿ,” ಎಂದಳು.

“ಎಷ್ಟು ಜಾಗ?”

“ಒಂದು ಮಗುವಿಗೆ ಒಂದೇ ಪ್ರಶ್ನೆ,” ಎಂದು ಕಲೆಯಕ್ಕ ಹಾಳೆಯನ್ನು ಗುರುತಿಗಾಗಿ ಅವನ ಮುಂದೆ ಸರಿಸಿದಳು.