ಬೀಗರ ಬಣವಿಗೆ ನುಗ್ಗಿದ ಮೋಟಾರು

ಸಿಟ್ಟು ನಮ್ಮ ಮನೆತನದ ಆಸ್ತಿ. ಹೊಲ ಅಣ್ಣತಮ್ಮಂದಿರಲ್ಲಿ ಹಂಚಿಹೋಯಿತು, ಸಿಟ್ಟು ಮಾತ್ರ ಪಾಲಾಗದೆ ಇಡಿಯಾಗಿ ನನಗೇ ಬಂತು. ಬೈಲಹೊಂಗಲದ ಕೋರ್ಟಿನಲ್ಲಿ ವಕೀಲಿ ಮಾಡುವವನಿಗೆ ಅದರಿಂದ ಒಂದಿಷ್ಟು ಉಪಯೋಗವೂ ಇತ್ತು ಅನ್ನಿ. ಆದರೆ ಎಷ್ಟು ಬೈದರೂ ಜಗ್ಗದ ವಸ್ತು ಭೂಮಿಯ ಮೇಲೆ ಒಂದಿದೆ, ಮೋಟಾರು.

ಆಗ ನಮ್ಮ ಕಡೆ ಮೋಟಾರುಗಳು ಬೆರಳಲ್ಲಿ ಎಣಿಸುವಷ್ಟು. ಬೆಳಗಾವಿಯ ಒಬ್ಬ ಸಾಹೇಬ ಬಳಸಿ ಬಿಟ್ಟದ್ದನ್ನು ನಾನು ಕೊಂಡಿದ್ದೆ. ಅದರ ಬ್ರೇಕಿಗೆ ಬರೀ ಕಾಲಿನ ಬಲ ಸಾಲದು. ಇಂಜಿನ್ನು ಒಂದು ರಬ್ಬರ್ ಕೊಳವೆಯಿಂದ ಗಾಳಿ ಹೀರಿ ಕಾಲಿಗೆ ಜೊತೆ ಕೊಡಬೇಕು. ಹಿರಿಮಗಳು ಗಂಗವ್ವನನ್ನು ಚೊಚ್ಚಲ ಬಾಣಂತನಕ್ಕೆ ಕರೆತರುವ ದಿನ ಗೊತ್ತುಮಾಡಲು ಸವದತ್ತಿಗೆ ಹೋದೆ. ಬೀಗರ ಮನೆಯ ಮುಂದಿನ ಇಳಿಜಾರಿನಲ್ಲಿ ಬ್ರೇಕು ತುಳಿದರೆ ಕಲ್ಲು ತುಳಿದಂತಾಯಿತು. ಮೋಟಾರು ಸೀದಾ ಅವರ ಮೇವಿನ ಬಣವಿಗೆ ನುಗ್ಗಿತು. ತಲೆಯ ಮೇಲೆ ಕಣಕಿ ಹೊತ್ತು ಇಳಿದ ನನ್ನನ್ನು ನೋಡಿ ಬೀಗರು, "ವಕೀಲರ, ಏಳು ತಿಂಗಳ ಬಸರಿ ಹೆಣ್ಮಗಳು. ಬ್ರೇಕ್ ರಿಪೇರಿ ಮಾಡಿಸಿಕೊಂಡು ಸೋಮವಾರ ಬರ್ರಿ. ಇಲ್ಲಾಂದ್ರ ಇಲ್ಲೇ ಹಡೀಲಿ" ಅಂದರು.

ಇಲ್ಲೇ ಹಡೀಲಿ! ಚೊಚ್ಚಲ ಹೆರಿಗೆ ತವರಲ್ಲಾಗದಿದ್ದರೆ ನನ್ನ ಹೆಂಡತಿ ನನ್ನನ್ನು ಉಳಿಸುತ್ತಾಳೆಯೆ? ಬಸುರಿಯನ್ನು ಅಷ್ಟು ದೂರ ಚಕ್ಕಡಿಯಲ್ಲಿ ಕುಲುಕಿಸಿ ತರುವ ಮಾತೂ ಇರಲಿಲ್ಲ. ಕೈಬ್ರೇಕು ಹಿಡಿದು ತೆವಳುತ್ತ ಊರಿಗೆ ಬಂದವನೇ ಇಮಾಮಸಾಬ ಮಿಸ್ತ್ರಿಯ ಮೇಲೆ ಹರಿಹಾಯ್ದೆ. "ಆ ಕೊಳವಿಗೆ ಹೋದ ತಿಂಗಳ ನೀ ಹಾಕಿದ ವಾಲ್ವು ಕೈಕೊಟ್ಟತಿ! ಬೀಗರ ಮುಂದ ನನ್ನ ಮಾನ ಹರಾಜಾತು!"

ಮಿಸ್ತ್ರಿ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದ. ಇಂಜಿನ್ನು ನಿಲ್ಲಿಸಿ ನನ್ನಿಂದ ನಾಲ್ಕು ಸಲ ಬ್ರೇಕು ತುಳಿಸಿ, "ಕಾಲ ಹಂಗಽ ಇಡ್ರಿ" ಎಂದು ಇಂಜಿನ್ನು ಚಾಲೂ ಮಾಡಿದ. "ಈಗ ಕಾಲು ತಾನಽ ಕೆಳಗ ಇಳೀಬೇಕ್ರಿ. ಇಳೀತೇನು?" ಇಳಿಯಲಿಲ್ಲ. "ಗಾಳಿ ಎಳಿಯಾಕ ಹತ್ತಿಲ್ರಿ." ವಾಲ್ವು ಬಿಚ್ಚಿ ಬಾಯಿಗಿಟ್ಟು ಊದಿದ. ಒಂದು ಕಡೆಯಿಂದ ಗಾಳಿ ಹೋಯಿತು, ಇನ್ನೊಂದು ಕಡೆಯಿಂದ ಹೋಗಲಿಲ್ಲ. "ಗಾಳಿ ಒಂದಽ ಕಡೆ ಬಿಡೂದು ಇದರ ಕೆಲಸ್ರಿ. ಇದರ ತಪ್ಪಿಲ್ಲ." ನನಗೆ ಮೈಯೆಲ್ಲ ಉರಿಯಿತು. ಕಸಿದುಕೊಂಡು ನಾನೂ ಗಲ್ಲ ಉಬ್ಬಿಸಿ ಊದಿದೆ; ಕಣ್ಣಲ್ಲಿ ನೀರು ಬಂತೇ ಹೊರತು ಆ ಕಡೆಯಿಂದ ಗಾಳಿ ಹೋಗಲಿಲ್ಲ. ನನ್ನದೇ ಸಾಕ್ಷಿ ಕಟಕಟೆಯಲ್ಲಿ ತಿರುಗಿಬಿದ್ದಂಥ ಸಂಕಟ.

ಆಮೇಲೆ ಅವನು ಕೊಳವೆಯನ್ನು ಚಾಕುವಿನಿಂದ ಸೀಳಿದ. ಒಳಗೆ ರಬ್ಬರು ಉಬ್ಬಿ, ಮೆತ್ತಗಾಗಿ, ಎರಡೂ ಮಗ್ಗುಲು ಒಂದಕ್ಕೊಂದು ತಾಗುವಂತಾಗಿತ್ತು. "ಇಂಜಿನ್ ಎಳದ ಕೂಡ್ಲೆ ಇದು ಮುಚ್ಚಿಕೊಂತೈತ್ರಿ." ಮೂಸಿ ನೋಡಿದ. "ಕುಸುಬಿ ಎಣ್ಣಿ! ರಬ್ಬರಿಗೆ ಎಣ್ಣಿ ಹಚ್ಚಿದ ಶಾಣ್ಯಾ ಯಾರ್ರೀ?"

ಚಕ್ಕಡಿಯ ಮಿಣಿ, ಬಾರುಗಳ ಚರ್ಮ ಒಣಗಿ ಸೀಳಬಾರದೆಂದು ಅಮಾವಾಸ್ಯೆಗೊಮ್ಮೆ ಎಣ್ಣೆ ತಿಕ್ಕುವುದು ನಮ್ಮ ಅಜ್ಜನ ಕಾಲದ ರೂಢಿ. ಮೋಟಾರು ಬಂದ ಮೇಲೂ ಕೈ ಸುಮ್ಮನಿರಲಿಲ್ಲ. ಆ ಕೊಳವೆ ಬಿಚ್ಚಿ, ಒಳಗೂ ಹೊರಗೂ ಎಣ್ಣೆ ಉಣಿಸಿ, ಅದು ಮೆತ್ತಗಾದದ್ದು ನೋಡಿ ಹಿಗ್ಗಿದ್ದೆ.

"ನಾನಽ ಹಚ್ಚೇನಿ! ಏನೀಗ?" ಎಂದು ಗುಡುಗಿದೆ.

"ಏನಿಲ್ರಿ. ನಾಳಿಂದ ಪೆಟ್ರೋಲ್ ಬಿಟ್ಟು ಎತ್ತಿಗೆ ತಿನ್ನಿಸಿದಂಗ ಹತ್ತಿಕಾಳು ತಿನ್ನಸ್ರಿ."

ಧಾರವಾಡದಿಂದ ಹೊಸ ಕೊಳವೆ ತರಿಸಿದ್ದಾಯಿತು. ಸೋಮವಾರ ಮಿಸ್ತ್ರಿಯನ್ನೂ ಕೂರಿಸಿಕೊಂಡು ಹೋಗಿ, ಬೀಗರ ಕಣ್ಣೆದುರೇ ಬಣವಿಗೆ ಗೇಣು ದೂರದಲ್ಲಿ ಗಕ್ಕನೆ ನಿಲ್ಲಿಸಿದೆ. ಬೀಗರು ತಲೆದೂಗಿದರು. ಗಂಗವ್ವ ಮಾತ್ರ ಹೊಸ್ತಿಲು ದಾಟಲಿಲ್ಲ. "ಅಪ್ಪಾ, ಮಿಸ್ತ್ರಿ ಕಾಕಾ ಹೊಡದ್ರ ಬರತೇನಿ."

"ಬ್ರೇಕ್ ರಿಪೇರಿ ಆಗೇತೆವಾ!"

"ಸಿಟ್ಟು ಬಂದ್ರ ನಿಮಗ ಬ್ರೇಕ್ ಯಾವುದು, ಹಾರ್ನ್ ಯಾವುದು ತಿಳಿಯಂಗಿಲ್ಲ."

ನನ್ನ ಮೋಟಾರಿನಲ್ಲಿ ನಾನೇ ಹಿಂದೆ! ಬೀಗರು ಕೊಟ್ಟ ಕರ್ಚಿಕಾಯಿ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ಹಲ್ಲು ಕಚ್ಚಿ ಕುಂತೆ. ಮಗಳು ಸುಖವಾಗಿ ಮನೆ ಮುಟ್ಟಿದಳು. ಹೆಂಡತಿ ಬುಟ್ಟಿ ಬಿಚ್ಚಿ, "ಅಯ್ಯ ಶಿವನ, ಎಲ್ಲಾ ಪುಡಿಪುಡಿ ಆಗ್ಯಾವಲ್ರಿ! ಹೆಂಗಾತು?" ಎಂದಳು. ಪ್ರತಿ ಇಳಿಜಾರಿನಲ್ಲೂ ಬ್ರೇಕೆಂದು ಅದನ್ನೇ ತುಳಿದು ತುಳಿದು ನನ್ನ ಬಲಗಾಲು ಇನ್ನೂ ನೋಯುತ್ತಿತ್ತು.

"ರಸ್ತೆ ಸುದ್ದ ಇಲ್ಲ!" ಎಂದು ರೇಗಿದೆ.